ತುಕ್ಕು ಬಿಡಿಸುವವರ ಮನೆ

ನನ್ನ ಮಕ್ಕಳಿಬ್ಬರೂ ಮಾತು ಕಲಿಯುವುದಕ್ಕಿಂತ ಮೊದಲೇ ಹೊಡೆದಾಡುವುದನ್ನು ಕಲಿತರು. ಹೀಗೆ ಹೇಳಿದರೆ ಜನ ನಗುತ್ತಾರೆ. ಹೆತ್ತವಳು ಸುಮ್ಮನೆ ಏನೋ ಹೇಳಿಕೊಳ್ಳುತ್ತಾಳೆ ಅಂದುಕೊಳ್ಳುತ್ತಾರೆ. ತೊಟ್ಟಿಲಲ್ಲಿ ಮಲಗಿದ್ದ ತಮ್ಮನ ಕೆನ್ನೆಯನ್ನು ದೊಡ್ಡವನು ಕಚ್ಚಿ ಹಿಡಿದಾಗ, ಅವನ ಮೂಗು ಒತ್ತಿ ಹಿಡಿದು ಬಾಯಿ ಬಿಡಿಸಿದವಳು ನಾನು. ಆ ಗುರುತು ಇನ್ನೂ ಇದೆ. ಗೊತ್ತಿಲ್ಲದವರು ಅದನ್ನು ಕೆನ್ನೆಗುಳಿ ಅಂತ ಹೊಗಳುತ್ತಾರೆ.

ದೊಡ್ಡವನ ಕೋಪ ಮೂಗಿನ ತುದಿಯಲ್ಲಿ. ಚಿಕ್ಕವನದು ನಾಲಿಗೆಯ ತುದಿಯಲ್ಲಿ. ಒಬ್ಬ ಬಾಯಿಬಿಟ್ಟು ಕೆಣಕುವುದು, ಇನ್ನೊಬ್ಬ ಕೈ ಎತ್ತುವುದು, ನಡುವೆ ನಾನು ಹೋಗಿ ಇಬ್ಬರಿಗೂ ಬಾರಿಸುವುದು. ನಮ್ಮ ಮನೆ ನಡೆದದ್ದೇ ಹೀಗೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ದೊಡ್ಡವನು ಸಿಟ್ಟಿನಲ್ಲಿ ಬಾಗಿಲು ದೂಡಿದ, ಸಂದಿನಲ್ಲಿ ತಮ್ಮನ ಬಲಗೈ ಇತ್ತು. ಬೆರಳುಗಳು ಕೂಡಿಕೊಂಡವು, ಆದರೆ ಆ ಕೈಗೆ ಹಿಡಿತ ಬರಲಿಲ್ಲ. ಲೋಟ ಹಿಡಿದರೂ ಸ್ವಲ್ಪ ಹೊತ್ತಿಗೆ ನಡುಗುತ್ತದೆ.

ಅವರಪ್ಪನದೂ ದೊಡ್ಡವನದೇ ಕೈ. ಅವರು ಹೊಡೆಯುವ ಮುಂಚೆ ಕೂಗಾಡುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದಿರುತ್ತಿತ್ತು, ಕಣ್ಣು ಒಂದೇ ಕಡೆ ನೆಟ್ಟಿರುತ್ತಿತ್ತು, ಮುಖದಲ್ಲಿ ಏನೆಂದರೆ ಏನೂ ಇರುತ್ತಿರಲಿಲ್ಲ. ಆ ಮುಖ ಕಂಡರೆ ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ತಲೆ ಮುಚ್ಚಿಕೊಳ್ಳುತ್ತಿದ್ದೆ. ಅವರು ಹೋಗಿ ಎಷ್ಟೋ ಕಾಲವಾಯಿತು. ಮುಖ ಮಾತ್ರ ದೊಡ್ಡವನಿಗೆ ಬಿಟ್ಟು ಹೋದರು.

ದೊಡ್ಡವನಿಗೆ ಮದುವೆಯೂ ಆಗಿತ್ತು. ಸೊಸೆಯ ತುಟಿ ಎರಡನೇ ಸಲ ಒಡೆದ ದಿನ ನಾನೇ ಅವಳ ಬಟ್ಟೆ ಕಟ್ಟಿ, ಬಸ್ಸು ಹತ್ತಿಸಿ, "ತಿರುಗಿ ನೋಡ್ಬೇಡ ಕಣೇ" ಅಂದೆ. ಅವಳು ತಿರುಗಿ ನೋಡಲಿಲ್ಲ. ಜಾಣೆ. ದೊಡ್ಡವನು ಅವತ್ತು ಅಡುಗೆಮನೆಯ ಕಪಾಟಿನ ಬಾಗಿಲು ಕಿತ್ತು ಎಸೆದ, ನನ್ನ ಮೇಲೆ ಕೈ ಮಾಡಲಿಲ್ಲ. ಲೋಕದಲ್ಲಿ ಅವನು ಕೈ ಮಾಡದಿರುವುದು ನನ್ನೊಬ್ಬಳ ಮೇಲೆ. ಅದು ಪ್ರೀತಿಯೋ ಭಯವೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ನೆರೆಹೊರೆಯವರು ದೇವರಲ್ಲಿ ಏನೇನೋ ಬೇಡಿಕೊಳ್ಳುತ್ತಾರೆ. ಅಣ್ಣತಮ್ಮಂದಿರು ಒಗ್ಗಟ್ಟಾಗಿರಲಿ, ಮನೆ ಬೆಳಗಲಿ ಅಂತೆಲ್ಲ. ನನಗೆ ಅಷ್ಟು ದೊಡ್ಡ ಆಸೆ ಇರಲಿಲ್ಲ. ನನ್ನ ಒಬ್ಬ ಮಗ ಇನ್ನೊಬ್ಬನ ಕೈಯಲ್ಲಿ ಸಾಯಬಾರದು. ಬೆಳಿಗ್ಗೆ ಏಳುವಾಗ ಇದೊಂದೇ ಯೋಚನೆ, ಮಲಗುವಾಗಲೂ ಇದೇ.

ಹೀಗಿರುವಾಗ ಮನೆಗೆ ಆ ಮಷೀನು ಬಂತು. ಇಬ್ಬರೂ ಬೇರೆ ಬೇರೆ ಕಡೆ ಕೆಲಸ ಕಳೆದುಕೊಂಡಿದ್ದರು. ದೊಡ್ಡವನು ಮೇಸ್ತ್ರಿಯ ಹಲ್ಲು ಉದುರಿಸಿದ್ದಕ್ಕೆ, ಚಿಕ್ಕವನು ಮಾಲೀಕನ ಬೊಜ್ಜಿನ ಬಗ್ಗೆ ಎಲ್ಲರೆದುರು ಮಾತಾಡಿದ್ದಕ್ಕೆ. ಚಿಕ್ಕವನೇ ಎಲ್ಲೋ ನೋಡಿಕೊಂಡು ಬಂದ. ಸಣ್ಣ ಸ್ಯಾಂಡ್ ಬ್ಲಾಸ್ಟಿಂಗ್ ಮಷೀನು, ಮನೆಯಲ್ಲೇ ಇಟ್ಟುಕೊಳ್ಳುವಂಥದ್ದು. ಗಾಳಿ ತುಂಬುವ ಕಂಪ್ರೆಸರ್ ಒಂದು. ಮೊಣಕಾಲೆತ್ತರದ ಕಬ್ಬಿಣದ ಡಬ್ಬಿ ಒಂದು. ಡಬ್ಬಿಯಲ್ಲಿ ಗಾಜಿನ ಪುಡಿ. ಗಾಳಿ ಆ ಪುಡಿಯನ್ನು ದಪ್ಪ ಪೈಪಿನಲ್ಲಿ ತಳ್ಳಿಕೊಂಡು ಹೋಗಿ ತುದಿಯ ನಾಜಲಿನಿಂದ ಉಗಿಯುತ್ತದೆ. ತುಕ್ಕು ಹಿಡಿದ ಗೇಟು, ಕಿಟಕಿಯ ಸರಳು, ಸೈಕಲ್ ಫ್ರೇಮು, ಹಳೇ ಮಂಚ, ಏನೇ ಇರಲಿ, ಅದರ ಮುಂದೆ ಹಿಡಿದರೆ ಪದರ ಪದರವಾಗಿ ಬಣ್ಣ ಹಾರಿಹೋಗಿ ಬೂದು ಬಣ್ಣದ ಕಬ್ಬಿಣ ಕಾಣುತ್ತದೆ. ಉಜ್ಜುಕಾಗದ ಹಿಡಿದು ಕೂತರೆ ಇಡೀ ದಿನ ಬೇಕಾದ ಕೆಲಸ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗಿಹೋಗುತ್ತದೆ. ಕಬ್ಬಿಣದ ಬದಲು ಅಂಗೈ ಇಟ್ಟರೆ ಏನಾಗುತ್ತದೆ ಅಂತ ನಾನು ಮೊದಲ ದಿನವೇ ಯೋಚಿಸಿದೆ. ನನ್ನ ತಲೆ ಹಾಗೆಯೇ ಓಡುವುದು.

ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಸುತ್ತಲೂ ಟಾರ್ಪಾಲಿನ್ ಕಟ್ಟಿದರು, ಪುಡಿ ಪಕ್ಕದವರ ಒಗೆದ ಬಟ್ಟೆಗೆ ಹಾರಬಾರದು ಅಂತ. ನನ್ನ ಪಾಲಿಗೂ ಕೆಲಸ ಬಂತು. ಒಮ್ಮೆ ಬಳಸಿದ ಗಾಜಿನ ಪುಡಿಯನ್ನು ಸಲಿಕೆಯಲ್ಲಿ ಬಾಚಿ, ಜರಡಿ ಹಿಡಿದು, ಹಳೇ ಬಾಣಲೆಯಲ್ಲಿ ರವೆ ಹುರಿದ ಹಾಗೆ ಹುರಿದು ತೇವ ತೆಗೆಯುವುದು. ತೇವ ಇದ್ದರೆ ಪುಡಿ ಗಂಟು ಕಟ್ಟಿ ನಾಜಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿತ್ತಲಲ್ಲಿ ಒಲೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾಜು ಹುರಿಯುತ್ತಾ ಕೂರುತ್ತಿದ್ದೆ. ಹಿಂದಿನ ಮನೆಯ ಟೈಲರ್ ಹಿತ್ತಲ ಗೋಡೆಯಾಚೆಯಿಂದ ಇಣುಕಿ, "ಏನಮ್ಮಾ, ಇವತ್ತೇನು ಅಡುಗೆ" ಅಂತ ಕೇಳುವನು. "ನಿನ್ನ ನಾಲಿಗೆಗೆ ಹಚ್ಚೋಕೆ ಕಣಪ್ಪ" ಅನ್ನುತ್ತಿದ್ದೆ.

ಪೈಪಿನ ತುದಿಯಲ್ಲಿ ಸೈಕಲ್ ಬ್ರೇಕಿನಂಥ ಒಂದು ಹಿಡಿ ಇದೆ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಪುಡಿ ಹಾರುತ್ತದೆ. ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಕೆಲಸದವನು ಜಾರಿ ಬಿದ್ದರೂ, ತಲೆ ತಿರುಗಿದರೂ ಯಾರಿಗೂ ಏನೂ ಆಗಬಾರದು ಅಂತ ಮಾಡಿದ್ದು. ಆದರೆ ಚಿಕ್ಕವನ ಬಲಗೈ ಅದನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಲಾರದು. ಒಂದು ಗೇಟಿನ ಅರ್ಧಕ್ಕೆ ಬರುವಷ್ಟರಲ್ಲಿ ಬೆರಳು ಸೋತು, ಹಿಡಿ ಜಾರಿ, ಗಾಳಿ ನಿಂತು, ಮತ್ತೆ ಶುರು ಮಾಡಬೇಕು. ಕೆಲಸದ ಸೂಕ್ಷ್ಮ ಗೊತ್ತಿದ್ದದ್ದು ಅವನಿಗೇ. ನಾಜಲನ್ನು ಓರೆಯಾಗಿ ಹಿಡಿಯಬೇಕು, ಒಂದೇ ಕಡೆ ನಿಲ್ಲಿಸಬಾರದು, ತೆಳು ತಗಡಾದರೆ ಗಾಳಿ ಕಮ್ಮಿ ಮಾಡಬೇಕು, ಇಲ್ಲದಿದ್ದರೆ ತಗಡು ಬಿಸಿಯಾಗಿ ಸೊಟ್ಟಗಾಗುತ್ತದೆ. ದೊಡ್ಡವನದೆಲ್ಲ ಒಂದೇ ಲೆಕ್ಕ. ಗಾಳಿ ಪೂರ್ತಿ ಬಿಡು, ನೇರ ಹಿಡಿ, ಬೇಗ ಮುಗಿಸು.

ಒಂದು ದಿನ ದೊಡ್ಡವನು ಹಳೇ ಸೈಕಲ್ ಟ್ಯೂಬು ಕತ್ತರಿಸಿ ತಂದು, ಆ ಹಿಡಿಯನ್ನು ಒತ್ತಿ ಅದರ ಮೇಲೆ ಟ್ಯೂಬನ್ನು ಬಿಗಿಯಾಗಿ ಸುತ್ತಿ ಕಟ್ಟಿದ. "ಇನ್ನು ನೀನು ಒತ್ತೋದು ಬೇಡ, ಸುಮ್ನೆ ಹಿಡ್ಕೊಂಡಿದ್ರೆ ಸಾಕು. ನಿಲ್ಲಿಸ್ಬೇಕಾದ್ರೆ ಕೂಗು, ಡಬ್ಬಿ ಹತ್ರ ಇರೋ ವಾಲ್ವು ನಾನು ಮುಚ್ತೀನಿ" ಅಂದ. ಚಿಕ್ಕವನು ಪೈಪನ್ನು ಎತ್ತಿ ತಿರುಗಿಸಿ ನೋಡಿದ. "ನನ್ನ ಕೈ ಮುರಿದೋನೇ ಊರುಗೋಲು ಕೊಡ್ತಿದ್ದಾನೆ" ಅಂದ. ದೊಡ್ಡವನು ಹೊಡೆಯಲಿಲ್ಲ, ನಕ್ಕ. ಚಿಕ್ಕವನೂ ನಕ್ಕ. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು. ನಾನು ಒಲೆಯ ಮುಂದೆ ಕೂತು ಖುಷಿಯಿಂದ ಅತ್ತೆ, ಹೊಗೆ ಅಂತ ಹೇಳಿಕೊಂಡೆ.

ನಮ್ಮ ಬೀದಿಯಲ್ಲಿ ಒಬ್ಬ ಡ್ರಿಲ್ ಮೇಷ್ಟ್ರಿದ್ದಾರೆ. ಕೆಲಸದಿಂದ ನಿವೃತ್ತರಾಗಿ ಹಳೇ ಕಾರೊಂದನ್ನು ಮುದ್ದು ಮಾಡುವುದೇ ಈಗ ಅವರ ಕೆಲಸ. ಅದರ ಬಾನೆಟ್ ಬಿಚ್ಚಿ ಹೊತ್ತುಕೊಂಡು ಬಂದು, ಬಣ್ಣ ಪೂರ್ತಿ ತೆಗೆದುಕೊಡಿ ಅಂದರು. ಚಿಕ್ಕವನು ಗಾಳಿ ಕಮ್ಮಿ ಮಾಡಿ, ನಿಧಾನವಾಗಿ, ಅಂಚಿನಿಂದ ಶುರು ಮಾಡಿದ. ಮುಕ್ಕಾಲು ಪಾಲು ಉಳಿದಿರುವಾಗ ಪುಡಿ ತರಲೆಂದು ಅಂಗಡಿಗೆ ಹೋದ. ಅವನು ಬರುವವರೆಗೆ ಕಾಯುವ ತಾಳ್ಮೆ ದೊಡ್ಡವನಿಗೆ ಎಲ್ಲಿಂದ ಬರಬೇಕು. ಗಾಳಿ ಪೂರ್ತಿ ಏರಿಸಿ, ನಾಜಲನ್ನು ನೇರ ಹಿಡಿದು, ತಾನೇ ಮುಗಿಸಿಬಿಟ್ಟ. ಚಿಕ್ಕವನು ಬಂದು ಅದನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಗೋಡೆಗೆ ಒರಗಿಸಿಟ್ಟ. ಅವನು ಮಾತಾಡದೆ ಇದ್ದದ್ದು ಅವನ ಜನ್ಮದಲ್ಲೇ ಅಪರೂಪ.

ಮಾರನೆಯ ದಿನ ಮೇಷ್ಟ್ರು ಬಂದರು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ತಗಡು ಅಲೆ ಅಲೆಯಾಗಿತ್ತು. ಕಾರಿನ ಮೇಲೆ ಇಟ್ಟು ನೋಡಿದರೆ ಒಂದು ಮೂಲೆ ಕೂರುತ್ತಲೇ ಇಲ್ಲ. ಇದು ಚಿಕ್ಕವನ ಕೈಕೆಲಸ ಅಲ್ಲ ಅಂತ ಗೊತ್ತಾಗಿ ಅವರು ದೊಡ್ಡವನನ್ನು ಬೀದಿಗೆ ಕರೆದರು. ಪಾಪ, ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಕೂಗಿದ ಗಂಟಲು, ಅದಕ್ಕೆ ಮೆತ್ತಗೆ ಮಾತಾಡಲು ಬರುವುದಿಲ್ಲ.

"ಇದೇನಯ್ಯ ಇದು, ತಗಡೋ ಒಣಗಿದ ಚರ್ಮವೋ. ನಿನ್ನ ತಮ್ಮನ ಕೈಲಿ ಬಿಟ್ಟಿದ್ರೆ ಕನ್ನಡಿ ಹಾಗೆ ಮಾಡಿಕೊಡ್ತಿದ್ದ. ನಿನಗೆ ಯಾರಪ್ಪ ಹೇಳಿದ್ದು ಮುಟ್ಟೋಕೆ. ಅರ್ಧ ಕೈಯಲ್ಲಿ ಅವನು ಮಾಡೋದನ್ನ ಎರಡು ಕೈ ಇಟ್ಕೊಂಡು ನಿನ್ನ ಕೈಲಿ ಆಗಲ್ವಲ್ಲ."

ಬೀದಿಯವರು ಬಾಗಿಲಿಗೆ ಬಂದರು. ದೊಡ್ಡವನು ತಲೆ ತಗ್ಗಿಸಿ, "ಸರಿಮಾಡಿ ಕೊಡ್ತೀನಿ ಸರ್" ಅಂದ. ಅಷ್ಟಕ್ಕೇ ಮುಗಿಯುತ್ತಿತ್ತು. ಚಿಕ್ಕವನಿಗೆ ನಾಲಿಗೆ ತುರಿಸಿತು.

"ಬಿಡಿ ಮೇಷ್ಟ್ರೇ. ನಮ್ಮಣ್ಣನ ಗಾಡೀಲಿ ಇರೋದು ಎರಡೇ ಗೇರು. ಒಂದು ನಿಲ್ಲೋದು, ಇನ್ನೊಂದು ಗುದ್ದೋದು."

ಬೀದಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕೂಡ ಸಿಟ್ಟು ಮರೆತು ನಕ್ಕು, ಬಾನೆಟ್ಟನ್ನು ಎತ್ತಿಕೊಂಡು ಹೋದರು. ನಾನು ದೊಡ್ಡವನ ಮುಖ ನೋಡಿದೆ. ಅವನು ಕೂಗಾಡಿದ್ದರೆ, ಕಾಲಿಗೆ ಸಿಕ್ಕಿದ್ದನ್ನು ಒದ್ದಿದ್ದರೆ ನನಗೆ ಭಯವಾಗುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು.

"ಒಳಗೆ ಬಾ, ಊಟ ಮಾಡು" ಅಂದೆ. ಕೇಳಿಸಿಕೊಳ್ಳಲಿಲ್ಲ. ನಾನು ಹಿತ್ತಲಿಗೆ ಹೋಗಿ ಪುಡಿ ಬಾಚತೊಡಗಿದೆ. ಚಿಕ್ಕವನು ಆಗಲೇ ಚರ್ಮದ ಅಂಗಿ ತೊಟ್ಟು, ಕಿಟಕಿಯಿರುವ ಟೋಪಿಯನ್ನು ತಲೆಗೆ ಹಾಕಿಕೊಂಡು, ಶೆಡ್ಡಿನೊಳಗೆ ಒಂದು ಗೇಟಿನ ಕೆಲಸ ಶುರು ಮಾಡಿದ್ದ. ಆ ಟೋಪಿ ಹಾಕಿಕೊಂಡರೆ ಕುತ್ತಿಗೆಯವರೆಗೂ ಮುಚ್ಚಿಕೊಳ್ಳುತ್ತದೆ, ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳುವುದಿಲ್ಲ. ಗೇಟು ದಪ್ಪ ಕಬ್ಬಿಣದ್ದಾದ್ದರಿಂದ ಗಾಳಿ ಪೂರ್ತಿ ಬಿಟ್ಟಿದ್ದ. ದೊಡ್ಡವನು ಟಾರ್ಪಾಲಿನ್ ಸರಿಸಿ ಒಳಗೆ ಹೋದ. ನಾನು ಒಲೆಯ ಬಳಿಯಿಂದ ಸಲಿಕೆ ಹಿಡಿದೇ ಎದ್ದೆ. ಸಲಿಕೆ ಕೈಯಲ್ಲಿ ಇದ್ದದ್ದು ಅದೇ ಹೊತ್ತಿಗೆ ಪುಡಿ ಬಾಚುತ್ತಿದ್ದದ್ದರಿಂದ, ಬೇರೇನೂ ಯೋಚಿಸಿ ಅಲ್ಲ.

ನಾನು ಟಾರ್ಪಾಲಿನ್ ಎತ್ತುವಷ್ಟರಲ್ಲಿ ಅವನು ಹಿಂದಿನಿಂದ ತಮ್ಮನ ಟೋಪಿ ಕಿತ್ತಿದ್ದ. ಪಟ್ಟಿ ಗದ್ದ ಸೀಳಿ ರಕ್ತ ಬಂದಿತ್ತು. ಚಿಕ್ಕವನು ಏನೆಂದು ತಿರುಗಿದ, ತಿರುಗಿದ ಮುಖದ ಮಧ್ಯಕ್ಕೆ ಅಣ್ಣನ ಮುಷ್ಟಿ ಬಿತ್ತು. ಮೂಗು ಮುರಿದ ಸದ್ದು ಕಂಪ್ರೆಸರಿನ ಗದ್ದಲದಲ್ಲೂ ನನಗೆ ಕೇಳಿಸಿತು. ಚಿಕ್ಕವನು ಎರಡೂ ಕೈಯನ್ನು ಮುಖಕ್ಕೆ ತಂದುಕೊಂಡ. ಪೈಪು ಬಿಟ್ಟ. ಬಿಟ್ಟರೆ ನಿಲ್ಲುತ್ತದೆ ಅಂತ ಅವನ ಕೈಗೆ ಅಭ್ಯಾಸವಾಗಿತ್ತು, ಟ್ಯೂಬು ಕಟ್ಟಿದ್ದು ತಲೆಗೆ ಹೊಳೆಯುವ ಹೊತ್ತು ಅದಾಗಿರಲಿಲ್ಲ.

ಪೈಪು ನಿಲ್ಲಲಿಲ್ಲ. ಗಾಳಿಯ ಒತ್ತಡಕ್ಕೆ ನೆಲದಿಂದ ಎದ್ದು, ತಲೆ ಜಜ್ಜಿದ ಹಾವಿನ ಹಾಗೆ ಹೊರಳಾಡಿತು. ತಗಡಿನ ಗೋಡೆಗೆ ಬಡಿದು, ಗೇಟಿಗೆ ಬಡಿದು, ಚಿಕ್ಕವನ ತೊಡೆಗೆ ಬಡಿದು ಅವನನ್ನು ಕೆಡವಿತು. ಶೆಡ್ಡಿನ ತುಂಬ ಗಾಜು. ಅವನು ಕಣ್ಣು ಮುಚ್ಚಿಕೊಂಡು, ಮೊಣಕಾಲು ಎದೆಗೆ ಒತ್ತಿಕೊಂಡು, "ಅಣ್ಣಾ, ಅಣ್ಣಾ" ಅಂತ ಕೂಗುತ್ತಿದ್ದ. ದೊಡ್ಡವನು ಹಾರಿ ಪೈಪಿನ ಮೇಲೆ ಕಾಲಿಟ್ಟ. ಅದು ಜಾರಿತು. ಬಗ್ಗಿ ಎರಡೂ ಕೈಯಿಂದ ಹಿಡಿದು, ಎದೆಗೆ ಅವುಚಿಕೊಂಡು ಅದನ್ನು ಹದ್ದುಬಸ್ತಿಗೆ ತಂದ. ನನಗೆ ಹೋದ ಜೀವ ಬಂದಂತಾಯಿತು. ಇನ್ನು ಅದನ್ನು ಗೋಡೆಯ ಕಡೆ ತಿರುಗಿಸಿ ಹಿಡಿದರೆ ನಾನು ಹೋಗಿ ವಾಲ್ವು ಮುಚ್ಚಬಹುದು.

ಅವನು ಗೋಡೆಯ ಕಡೆ ತಿರುಗಿಸಲಿಲ್ಲ.

ನಾಜಲನ್ನು ತಮ್ಮನ ಕಡೆ ತಿರುಗಿಸಿದ. ಕೈ ತಪ್ಪಿ ತಿರುಗಿದ್ದಲ್ಲ. ನಾನು ಅವನ ಎದುರಿಗೇ ಇದ್ದೆ, ಮುಖ ನೋಡಿದೆ. ಕಣ್ಣು ಒಂದೇ ಕಡೆ ನೆಟ್ಟಿತ್ತು. ಭುಜದ ಚರ್ಮದಂಗಿ ಚಿಂದಿಯಾಗಿ ಹಾರಿತು. ಅಲ್ಲಿಂದ ಕುತ್ತಿಗೆಗೆ ಬಂತು. ಕಿವಿಗೆ ಬಂತು. ನಾನು ದಿನಾ ಗೇಟಿನ ಮೇಲೆ ನೋಡುತ್ತಿದ್ದದ್ದೇ, ಬಣ್ಣ ಹೋಗುವುದು, ಕೆಳಗಿನದು ಕಾಣುವುದು. ಕೆಳಗೆ ಕೆಂಪಗಿತ್ತು. ನಾಜಲು ಕಣ್ಣಿನ ಕಡೆ ಹೋಗುತ್ತಿತ್ತು, ನಿಧಾನವಾಗಿ, ಚಿಕ್ಕವನು ಹೇಳಿಕೊಟ್ಟ ಹಾಗೆ ಓರೆಯಾಗಿ.

ಸಲಿಕೆಯನ್ನು ಎತ್ತಿ ಅವನ ಬಲ ಮಣಿಕಟ್ಟಿನ ಮೇಲೆ ಹೊಡೆದೆ. ಅಂಚಿನಿಂದಲೇ ಹೊಡೆದೆ. ನನ್ನ ಮೈಯಲ್ಲಿ ಎಷ್ಟು ಶಕ್ತಿಯಿತ್ತೋ, ಅವರಪ್ಪನಿಗೆ ಒಂದು ಸಲವೂ ತಿರುಗಿ ಹೊಡೆಯದ ಶಕ್ತಿ ಎಷ್ಟಿತ್ತೋ, ಅದೆಲ್ಲ ಹಾಕಿ ಹೊಡೆದೆ. ಮೂಳೆ ಲಟಕ್ಕೆಂದಿತು, ಪೈಪು ಬಿತ್ತು. ಓಡಿ ಹೋಗಿ ವಾಲ್ವು ಮುಚ್ಚಿದೆ. ಪೈಪು ಇನ್ನೊಂದು ಸಲ ಉಸಿರುಬಿಟ್ಟು ಮಲಗಿತು.

ದೊಡ್ಡವನು ಮುರಿದ ಕೈಯನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ಚಿಕ್ಕವನು ಇನ್ನೂ ಅಣ್ಣಾ ಅನ್ನುತ್ತಿದ್ದ.

ಗೋಡೆಯಾಚೆ ಟೈಲರ್ ಇದ್ದ. ಸದ್ದು ಕೇಳಿ ಸ್ಟೂಲು ಹಾಕಿ ಹತ್ತಿದ್ದನಂತೆ. ಟಾರ್ಪಾಲಿನ್ನಿನ ಸಂದಿಯಲ್ಲಿ ಅವನಿಗೆ ಕಂಡದ್ದು ಎರಡೇ. ದೊಡ್ಡವನು ಹಾರಿ ಪೈಪು ಹಿಡಿದದ್ದು, ನಾನು ಸಲಿಕೆಯಿಂದ ಅವನ ಕೈ ಮುರಿದದ್ದು. ನಡುವಿನದು ಅವನಿಗೆ ಕಂಡಿಲ್ಲ, ಶೆಡ್ಡಿನ ತುಂಬ ಧೂಳು. ನಾವು ಆಸ್ಪತ್ರೆ ಮುಟ್ಟುವ ಮೊದಲೇ ಬೀದಿಯಲ್ಲಿ ಕಥೆ ಸಿದ್ಧವಾಗಿತ್ತು. ಅಣ್ಣ ತಮ್ಮನನ್ನು ಹೊಡೆದದ್ದು ನಿಜ, ಆದರೆ ಜೀವಕ್ಕೆ ಬಂದಾಗ ತನ್ನ ಪ್ರಾಣ ಲೆಕ್ಕಿಸದೆ ಪೈಪಿಗೆ ಅಡ್ಡ ಬಿದ್ದ. ಮುದುಕಿ ಗಾಬರಿಯಲ್ಲಿ ಬುದ್ಧಿ ಕೆಟ್ಟು ಅವನ ಕೈಗೇ ಹೊಡೆದಳು. ಒಳ್ಳೆಯ ಕಥೆ. ನಾನಾದರೂ ನಂಬುತ್ತಿದ್ದೆ.

ಆಸ್ಪತ್ರೆಯ ಪಡಸಾಲೆಯ ಬೆಂಚಿನಲ್ಲಿ ದೊಡ್ಡವನು ನನ್ನ ಪಕ್ಕ ಕೂತಿದ್ದ. ಕೈಗೆ ಹಸಿ ಪ್ಲಾಸ್ಟರ್.

"ನೀನು ನೋಡ್ದೆ" ಅಂದ.

"ನೋಡ್ದೆ."

"ನಿಲ್ಲಿಸ್ಬೇಕು ಅಂತಲೇ ಹಿಡ್ಕೊಂಡೆ ಅಮ್ಮ. ನಿನ್ನಾಣೆ. ಆಮೇಲೆ ಅವನ ಮುಖ ಕಾಣಿಸ್ತು."

"ಬಾಯಿ ಮುಚ್ಚು."

ನನಗೆ ಅವನ ಕತ್ತು ಹಿಚುಕಬೇಕು ಅನ್ನಿಸಿತು. ಅದೇ ಹೊತ್ತಿಗೆ ಪ್ಲಾಸ್ಟರಿನಿಂದ ಹೊರಗೆ ಊದಿಕೊಂಡು ನಿಂತಿದ್ದ ಅವನ ಬೆರಳುಗಳಿಗೆ ಸೆರಗಿನಿಂದ ಗಾಳಿ ಬೀಸಬೇಕು ಅಂತಲೂ ಅನ್ನಿಸಿತು. ಎರಡೂ ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು, ಏನು ಮಾಡಲಿ.

ಚಿಕ್ಕವನ ಒಂದು ಕಿವಿಯ ಮೇಲಿನ ಅಂಚು ಹೋಯಿತು. ಕುತ್ತಿಗೆಗೂ ಭುಜಕ್ಕೂ ತೊಡೆಯ ಚರ್ಮ ತೆಗೆದು ಹಾಕಿದರು. ಎಡಗಣ್ಣಿನೊಳಗೆ ಗಾಜು ಸೇರಿತ್ತು. ತೊಳೆದರು, ತೆಗೆದರು, ಕೊನೆಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ ಅಂದರು. ಅವನಿಗೆ ಮಾತು ಬಂದ ಕೂಡಲೇ ಕೇಳಿದ್ದು ಅಣ್ಣನನ್ನು.

"ಅವನ ಕೈ ಹೇಗಿದೆ? ಟೈಲರ್ ಎಲ್ಲಾ ಹೇಳ್ದ. ನನ್ನ ಮೂಗು ಮುರಿದಿದ್ದಕ್ಕೂ ಇದಕ್ಕೂ ಸರಿಹೋಯ್ತು ಬಿಡು. ಅವನು ಪೈಪ್ ಹಿಡೀದೆ ಇದ್ದಿದ್ರೆ ನನ್ನ ಮುಖ ಹುಡುಕ್ಬೇಕಾಗಿತ್ತು." ಉಳಿದ ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿದ. "ನೀನು ಅವನಿಗ್ಯಾಕಮ್ಮ ಹೊಡ್ದೆ?"

"ಗಾಬರಿ ಆಯ್ತು. ಕೈಗೆ ಸಿಕ್ಕಿದ್ರಲ್ಲಿ ಹೊಡ್ದೆ."

"ಹಿಡಿದು ನಿಲ್ಲಿಸಿದೋನಿಗೇ ಹೊಡೆದ್ಯಲ್ಲ. ನಿನ್ನ ಬುದ್ಧಿಗೇನು ಬಂತು."

ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಚಿಕ್ಕವನ ಮುಖದಲ್ಲಿ ಒಂದು ಹೊಸ ಕಳೆ ಇತ್ತು. ಬಾಗಿಲ ಸಂದಿಯಲ್ಲಿ ಕೈ ಸಿಕ್ಕಿದ ದಿನದಿಂದ ಅವನು ಕಾಯುತ್ತಿದ್ದದ್ದು ಬಹುಶಃ ಇದನ್ನೇ. ಅಣ್ಣ ತನಗಾಗಿ ಪ್ರಾಣ ಒಡ್ಡಿದ ಅಂತ ನಂಬಿ ಮಲಗಿದ್ದ. ಚರ್ಮ ಸುಲಿದು ಹಣ್ಣಾದ ಮೈಯಲ್ಲಿ ಅದೊಂದೇ ಅವನಿಗೆ ನೋಯದ ಜಾಗ. ಅದರ ಮೇಲೆ ನಾನೇ ಗಾಜು ಸುರಿಯಲೇ? ಅವನ ಹೊದಿಕೆ ಎಳೆದು ಸರಿಮಾಡಿದೆ.

ಮನೆಗೆ ಬಂದ ಮೇಲೆ ಇಬ್ಬರನ್ನೂ ನೋಡಿದವರು ಕಣ್ಣೊರೆಸಿಕೊಂಡರು. ದೊಡ್ಡವನು ಎಡಗೈಯಲ್ಲೇ ತಮ್ಮನಿಗೆ ತಿನ್ನಿಸುವನು, ಮುಲಾಮು ಹಚ್ಚುವನು, ಕಣ್ಣಿಗೆ ಔಷಧಿ ಬಿಡುವನು. ಚಿಕ್ಕವನು, "ಮೆಲ್ಲಗೆ ಕಣೋ, ಗೇಟಲ್ಲ ನಾನು" ಅನ್ನುವನು. ಇಬ್ಬರೂ ನಗುವರು. ನಾನು ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಇನ್ನೇನು ಎಲ್ಲ ಸರಿಹೋಯಿತು ಅಂತ ನಂಬಲು ನನಗೂ ಆಸೆಯಿತ್ತು. ಒಂದು ಸಂಜೆ ಮುಲಾಮಿನ ಡಬ್ಬಿ ಕೆಳಗೆ ಬಿತ್ತು. ಚಿಕ್ಕವನು ಹಳೇ ಚಾಳಿಯಲ್ಲಿ, "ಒಂದು ಕೈ ಉಳಿದಿರೋದೂ ದಂಡ ನಿಂದು" ಅಂದ. ತಮಾಷೆಗೆ ಅಂದದ್ದು. ದೊಡ್ಡವನು ಬಗ್ಗಿ ಡಬ್ಬಿ ಎತ್ತಿ ಮಂಚದ ಮೇಲಿಟ್ಟ. ಅವನ ಎಡಗೈ ತೊಡೆಯ ಪಕ್ಕದಲ್ಲಿ ಮೆಲ್ಲಗೆ ಮುಚ್ಚಿ ಮುಷ್ಟಿಯಾಯಿತು. ತಮ್ಮನ ಕುರುಡು ಕಣ್ಣಿನ ಕಡೆ ನಿಂತಿದ್ದ, ಚಿಕ್ಕವನಿಗೆ ಅದು ಕಾಣಲಿಲ್ಲ. ನನಗೆ ಕಂಡಿತು.

ಮಾರನೆಯ ದಿನವೇ ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ಬಹಳ ದೂರದ ಊರಿನಲ್ಲಿ, ಹಡಗು ರಿಪೇರಿ ಮಾಡುವ ಕಡೆ ಸೂಪರ್‌ವೈಸರ್. ಒಬ್ಬನನ್ನು ಕಳಿಸುತ್ತೇನೆ, ಇಟ್ಟುಕೋ ಅಂದೆ. ಯಾರನ್ನು ಕಳಿಸುವುದು ಅಂತ ನಾನು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ದೊಡ್ಡವನು ಹೋದಲ್ಲಿ ಯಾರನ್ನಾದರೂ ಕೊಲ್ಲುತ್ತಾನೆ, ಇಲ್ಲ ಯಾರಾದರೂ ಅವನನ್ನು ಕೊಲ್ಲುತ್ತಾರೆ. ಅಲ್ಲಿ ಸಲಿಕೆ ಹಿಡಿದು ನಿಲ್ಲುವವರು ಯಾರೂ ಇರುವುದಿಲ್ಲ. ಚಿಕ್ಕವನು ಎಲ್ಲಿ ಬಿಟ್ಟರೂ ಬದುಕುತ್ತಾನೆ. ಬದುಕಬಲ್ಲವನನ್ನು ಕಳಿಸಬೇಕು.

ವಿಷಯ ಹೇಳಿದಾಗ ಚಿಕ್ಕವನು ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ ಎದ್ದು ಕೂತ.

"ನನ್ನ ಯಾಕೆ ಕಳಿಸ್ತೀಯ? ಹೊಡೆಯೋನು ಮನೇಲಿ, ಹೊಡೆಸ್ಕೊಂಡೋನು ಬೀದೀಲಾ?"

"ನಿಮ್ಮ ಮಾವ ಚೆನ್ನಾಗಿ ನೋಡ್ಕೋತಾನೆ."

"ಅಮ್ಮ, ಇಷ್ಟು ವರ್ಷಕ್ಕೆ ನಾನೂ ಅಣ್ಣನೂ ಈಗ ಸರಿಯಾಗಿದ್ದೀವಿ. ಈಗ ಬೇರೆ ಮಾಡ್ತೀಯಾ? ನಿಂಗೆ ನಾವು ಚೆನ್ನಾಗಿರೋದೇ ಬೇಡ. ಚಿಕ್ಕಂದಿನಿಂದ ನೋಡಿದ್ದೀನಿ, ನೀನು ಯಾವಾಗಲೂ ಅವನ ಕಡೆ."

ದೊಡ್ಡವನು ಬಾಗಿಲಲ್ಲಿ ನಿಂತಿದ್ದ. "ಅವನು ಇರ್ಲಿ ಅಮ್ಮ, ನಾನು ಹೋಗ್ತೀನಿ" ಅಂದ. ಅವನ ದನಿ ಒಡೆದಿತ್ತು. ಚಿಕ್ಕವನು ಅವನ ಕಡೆ ಕೈ ತೋರಿಸಿ, "ನೋಡು, ಅವನಿಗಿರೋ ಕರುಳು ನಿಂಗಿಲ್ಲ" ಅಂದ. ಹೋಗುವುದಿಲ್ಲ ಅಂತ ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಹಟ ಹಿಡಿದರೆ ಅವನು ನನ್ನ ಮಗನೇ. ಒಳ್ಳೆಯ ಮಾತಿನಲ್ಲಿ ಹೋಗುವವನಲ್ಲ. ಹೋದರೂ ವಾರ ಕಳೆಯುವ ಮೊದಲು ಅಣ್ಣನನ್ನು ನೋಡಬೇಕು ಅಂತ ಓಡಿ ಬರುತ್ತಾನೆ. ಅವನು ಮತ್ತೆ ಈ ಹೊಸ್ತಿಲು ದಾಟದ ಹಾಗೆ ಹೊಡೆಯಬೇಕಿತ್ತು. ಹೊಡೆಯುವುದು ಹೇಗೆ ಅಂತ ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವನ ಬಟ್ಟೆಯ ಬ್ಯಾಗು ತಂದು ಬೀದಿಗೆ ಎಸೆದೆ. ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಎದ್ದೇಳು. ಅರ್ಧ ಕೈ, ಒಂದು ಕಣ್ಣು ಇಟ್ಕೊಂಡು ನೀನು ಇಲ್ಲಿ ಯಾವ ಕೆಲಸಕ್ಕೆ ಬರ್ತೀಯ? ಕೂತು ತಿನ್ನೋನು ನಂಗೆ ಬೇಡ. ಅವನ ಕೈ ಕೂಡಿಕೊಳ್ಳತ್ತೆ, ದುಡೀತಾನೆ. ನೀನು ನಂಗೆ ಭಾರ."

ಅವನು ಎದ್ದ. ಆ ನಾಲಿಗೆಗೆ ಉತ್ತರ ಸಿಗದಂತೆ ಮಾಡಿದವಳು ನಾನೊಬ್ಬಳೇ ಇರಬೇಕು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದ, ಅಣ್ಣನನ್ನು ಒಂದೇ ತೋಳಲ್ಲಿ ತಬ್ಬಿಕೊಂಡ. "ಜೋಪಾನ ಕಣೋ. ಇವಳ ಕೈಗೆ ಸಲಿಕೆ ಸಿಗದ ಹಾಗೆ ನೋಡ್ಕೋ" ಅಂದ. ನನ್ನ ಪಕ್ಕದಲ್ಲೇ ದಾಟಿ ಹೋದ. ಮುಲಾಮಿನ ವಾಸನೆ ಬಂತು. ಕೈ ಚಾಚಿದ್ದರೆ ಸಿಗುತ್ತಿದ್ದ. ಅವನು ಬೀದಿಯ ತಿರುವು ದಾಟಿದ ಮೇಲೆ ಒಳಗೆ ಬಂದು, ಬಚ್ಚಲಿನ ಬಾಗಿಲು ಹಾಕಿಕೊಂಡು, ಬಾಯಿಗೆ ಟವೆಲು ತುರುಕಿಕೊಂಡು ಅತ್ತೆ.

ಈಗ ಮಷೀನು ನಾನೇ ಹಿಡಿಯುತ್ತೇನೆ. ಹಿಡಿಗೆ ಸುತ್ತಿದ್ದ ಟ್ಯೂಬನ್ನು ಕತ್ತರಿಸಿ ಒಲೆಗೆ ಹಾಕಿದೆ. ಒತ್ತಿ ಒತ್ತಿ ಬೆರಳು ನೋಯುತ್ತವೆ. ನೋಯಲಿ. ದೊಡ್ಡವನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು, ಭಾರ ಎತ್ತಲಾರ. ಅವನು ಎಡಗೈಯಲ್ಲಿ ಪುಡಿ ಜರಡಿ ಹಿಡಿಯುತ್ತಾನೆ, ಬಾಣಲೆಯಲ್ಲಿ ಹುರಿಯುತ್ತಾನೆ. ಒಂದೆರಡು ಸಲ ಜರಡಿಯನ್ನು ಗೋಡೆಗೆ ಎಸೆದದ್ದುಂಟು. ನಾನು ಟೋಪಿ ತೆಗೆದು ಸುಮ್ಮನೆ ಅವನನ್ನೇ ನೋಡುತ್ತೇನೆ. ಎದ್ದು ಹೋಗಿ ಎತ್ತಿಕೊಂಡು ಬರುತ್ತಾನೆ.

ಚಿಕ್ಕವನು ಅಲ್ಲಿ ಚೆನ್ನಾಗಿದ್ದಾನೆ. ಹಡಗಿನ ಹೊಟ್ಟೆಯಷ್ಟು ದೊಡ್ಡ ಗೋಡೆಗಳಿಗೆ ಬ್ಲಾಸ್ಟಿಂಗ್ ಮಾಡುವವರಿಗೆ ಕೆಲಸ ಹೇಳಿಕೊಡುತ್ತಾನಂತೆ. ಇದೆಲ್ಲ ನನಗೆ ಗೊತ್ತಾಗುವುದು ಅವನು ಅಣ್ಣನಿಗೆ ಫೋನ್ ಮಾಡಿದಾಗ. ದೊಡ್ಡವನು ಸ್ಪೀಕರ್ ಹಾಕಿ ಫೋನನ್ನು ಕಿಟಕಿಯ ಮೇಲಿಡುತ್ತಾನೆ. ನಾನು ಸದ್ದು ಮಾಡದೆ ಪಕ್ಕದಲ್ಲಿ ಕೂತು ಕೇಳುತ್ತೇನೆ. ಊಟ, ಕೆಲಸ, ಮಾವನ ಗೊರಕೆ, ಎಲ್ಲ ಹೇಳುತ್ತಾನೆ. ಅಣ್ಣನ ಕೈಯನ್ನು ವಿಚಾರಿಸುತ್ತಾನೆ. ಅಮ್ಮ ಹೇಗಿದ್ದಾಳೆ ಅಂತ ಒಂದು ದಿನವೂ ಕೇಳಿಲ್ಲ.

ಹೋದ ಸಲ ಫೋನ್ ಇಟ್ಟ ಮೇಲೆ ದೊಡ್ಡವನು ನನ್ನ ಎದುರಿಗೆ ನೆಲದ ಮೇಲೆ ಕೂತ.

"ಹೇಳ್ಬಿಡ್ತೀನಿ ಅಮ್ಮ. ನನ್ನ ಕೈಲಿ ಆಗ್ತಿಲ್ಲ. ಅಲ್ಲಿ ಎಲ್ಲರಿಗೂ ನನ್ನ ಅಣ್ಣ ನನ್ನ ಪ್ರಾಣ ಉಳಿಸ್ದ ಅಂತ ಹೇಳ್ಕೊಂಡು ತಿರುಗ್ತಿದ್ದಾನೆ."

"ಹೇಳಿದ್ರೆ ಇನ್ನೊಂದು ಕೈಯೂ ಮುರೀತೀನಿ" ಅಂದೆ. "ಅವನಿಗೆ ಅಣ್ಣ ಅಂತ ಒಬ್ಬ ಸಿಕ್ಕಿದ್ದಾನೆ. ಇರ್ಲಿ ಬಿಡು."

"ಅಮ್ಮ ಅಂತ ಒಬ್ಬಳು ಬೇಡ್ವಾ ಅವನಿಗೆ?"

ನಾನು ಎದ್ದು ತಟ್ಟೆಗೆ ಊಟ ಬಡಿಸಿದೆ. ಎಡಗೈಯಲ್ಲಿ ತಿನ್ನುವುದು ಅವನಿಗೆ ಇನ್ನೂ ಕಷ್ಟ, ಅದಕ್ಕೆ ಕಲಸಿ ಮುಂದಿಟ್ಟೆ.